ರುಮಾ ಗದಂಗ್

ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರ ಸಾಂಪ್ರದಾಯಿಕ ಮನೆಗೆ ಈ ಹೆಸರು. ರುಮಾ ಎಂದರೆ ಮನೆ, ಗದಂಗ್ ಎಂದರೆ ದೊಡ್ಡದು. ಅಷ್ಟಕ್ಕೇ ನಿಂತರೆ ಸಾಲದು; ನಮ್ಮಲ್ಲಿ ‘ದೊಡ್ಮನೆ’ ಎಂದಾಗ ಗಾತ್ರಕ್ಕಿಂತ ಮನೆತನದ ತೂಕ ಮುಂದಾಗುವ ಹಾಗೆ, ಇಲ್ಲೂ ಒಂದೇ ತಾಯಿಬೇರಿನ ಇಡೀ ಕುಟುಂಬ ಈ ಮಾತಿನೊಳಗಿದೆ. ಒಡೆತನ ತಾಯಿಯಿಂದ ಮಗಳಿಗೆ. ಹಿಂಬದಿಯ ಸಾಲುಕೋಣೆಗಳು ಮದುವೆಯಾದ ಹೆಣ್ಣುಮಕ್ಕಳಿಗೆ ಮೀಸಲು. ಹಳೆಯ ಪದ್ಧತಿಯಲ್ಲಿ ಗಂಡ ರಾತ್ರಿಗೆ ಬರುವ ನೆಂಟ! ಹರೆಯಕ್ಕೆ ಬಂದ ಹುಡುಗರು ಮಲಗುತ್ತಿದ್ದುದು ಊರಿನ ಸುರಾವ್‌ನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ.

ನೋಡಿದವರ ಕಣ್ಣು ನಿಲ್ಲುವುದು ಮಾಡಿನ ಮೇಲೆ. ತಾಳೆಯ ಬಳಗದ ಮರವೊಂದರ ಕಪ್ಪು ನಾರು ಹೊದಿಸಿದ ಮಾಡು ನಡುವೆ ತಗ್ಗಿ, ತುದಿಗಳಲ್ಲಿ ಚೂಪಾಗಿ ಮೇಲೇಳುತ್ತದೆ. ಆ ತುದಿಯೇ ಗೊಂಜೊಂಗ್. ಅದು ಕೋಣದ ಕೊಂಬು ಎನ್ನುತ್ತಾರೆ. ಜನಾಂಗದ ಹೆಸರಿನಲ್ಲೇ ಕಬಾವ್, ಅಂದರೆ ಕೋಣ ಇದೆಯಲ್ಲ. ಜಾವಾದವರ ಜೊತೆಗಿನ ಕೋಣಗಳ ಕಾಳಗದಲ್ಲಿ ಇಲ್ಲಿಯವರು ಬಿಟ್ಟ, ಮೂತಿಗೆ ಚೂರಿ ಕಟ್ಟಿದ ಹಸಿದ ಕರು ಹಾಲಿನಾಸೆಗೆ ಜಾವಾದವರ ದೈತ್ಯ ಕೋಣದ ಹೊಟ್ಟೆಗೆ ನುಗ್ಗಿ ಅದನ್ನು ಕೊಂದದ್ದರಿಂದ ‘ಗೆದ್ದ ಕೋಣ’ ಎಂಬ ಹೆಸರು ಬಂತಂತೆ. ಕಥೆ ಸೊಗಸಾಗಿದೆ, ನಿರುಕ್ತಿಯಾಗಿ ಒಪ್ಪಲು ಮಾತ್ರ ಮನಸ್ಸು ಬಾರದು.

ಇದೇ ಮಾದರಿಯ ಪಗಾರುಯುಂಗ್ ಅರಮನೆ 2007ರಲ್ಲಿ ಸಿಡಿಲಿಗೆ ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಇಂಡೊನೇಷ್ಯಾದ ಊರೂರುಗಳಲ್ಲಿರುವ ಪಡಾಂಗ್ ಊಟದ, ಅಂದರೆ ಮಿನಾಂಗ್‌ಕಬಾವ್ ಅಡುಗೆಯ, ಹೋಟೆಲುಗಳ ನೆತ್ತಿಯ ಮೇಲೂ ಗೊಂಜೊಂಗ್ ಕಾಣಸಿಗುತ್ತದೆ.