ಸ್ಪಿತಿ ಹಾದಿಯ ಹಳ್ಳಗಳು: ಬೈಕ್ ಸವಾರರು ಅರಿತಿರಬೇಕಾದ ಸಂಗತಿಗಳು

ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ತರುಣ ಕನ್ನಡಿಗರಲ್ಲಿ ಹಲವರು ಬೇಸಿಗೆ ಕಳೆದೊಡನೆ ರಜೆ ಹೊಂದಿಸಿಕೊಂಡು ಬೈಕ್ ಏರಿ ಹಿಮಾಲಯದತ್ತ ಹೊರಡುವುದು ಈಗ ವಾಡಿಕೆಯಾಗಿದೆ. ಹೊರಡುವ ಮಕ್ಕಳಿಗೆ ಮನೆಯ ಹಿರಿಯರು ಕಡಿದಾದ ತಿರುವುಗಳ ಬಗೆಗೂ ಆಳವಾದ ಪ್ರಪಾತಗಳ ಬಗೆಗೂ ಎಚ್ಚರಿಕೆ ಹೇಳುತ್ತಾರೆ. ರಸ್ತೆಗೆ ಅಡ್ಡಲಾಗಿ ಹರಿಯುವ ಹಳ್ಳಗಳ ವಿಚಾರ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅನೇಕ ಪ್ರವಾಸಗಳು ಕೆಡುವುದು ಈ ಹಳ್ಳಗಳಲ್ಲಿಯೇ ಆದ್ದರಿಂದ ಅವುಗಳನ್ನು ಕುರಿತು ಕೆಲವು ವಿಷಯಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಹಾದಿ ಮತ್ತು ಹೊತ್ತು

ಹಿಮಾಚಲ ಪ್ರದೇಶದ ಗ್ರಾಂಫೂದಿಂದ ಛತ್ರು, ಬಾತಲ್ ಮಾರ್ಗವಾಗಿ ಕುಂಜಮ್ ಘಟ್ಟವನ್ನು ಏರಿ ಸ್ಪಿತಿಯ ಕಾಜಾ ಸೇರುವ ರಸ್ತೆ ಚಂದ್ರಾ ನದಿಯ ದಂಡೆಯಲ್ಲಿ ಬಹುದೂರ ಸಾಗುತ್ತದೆ. ಮೇಲಿನ ಹಿಮರಾಶಿಗಳಿಂದ ಇಳಿದುಬರುವ ತೊರೆಗಳು ಈ ರಸ್ತೆಯನ್ನು ಹಲವೆಡೆ ಸೇತುವೆಯಿಲ್ಲದೆಯೇ ದಾಟಿ ನದಿಯನ್ನು ಸೇರುತ್ತವೆ. ಸ್ಥಳೀಯರು ಇವುಗಳನ್ನು 'ನಾಲಾ' ಎನ್ನುತ್ತಾರೆ. ಇವುಗಳಿಗೆ ನೀರು ಒದಗುವುದು ಮುಖ್ಯವಾಗಿ ಹಿಮ ಕರಗುವುದರಿಂದ. ರಾತ್ರಿಯ ಚಳಿಗೆ ಕರಗುವಿಕೆ ಕುಗ್ಗುವುದರಿಂದ ಬೆಳಗಿನ ಹೊತ್ತು ನೀರು ಕಡಿಮೆ. ಬಿಸಿಲೇರಿದಂತೆ ಹರಿವು ಹೆಚ್ಚುತ್ತ ಹೋಗಿ, ಮಧ್ಯಾಹ್ನದಿಂದ ಸಂಜೆಯವರೆಗೆ ಗರಿಷ್ಠವಾಗುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಅಪರಾಹ್ನ ಮೊಣಕಾಲಿಗೆ ಬಂದಿರಬಹುದು. ಆದುದರಿಂದ ದೊಡ್ಡ ನಾಲಾಗಳನ್ನು ಹತ್ತು, ಹನ್ನೊಂದು ಗಂಟೆಯೊಳಗೆ ದಾಟುವಂತೆ ದಿನಚರಿ ಹಾಕಿಕೊಳ್ಳಬೇಕು. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದಾಗಿ ಮನಾಲಿಯ ಕಡೆಯಿಂದ ಬರುವವರಿಗೆ ಇದು ಸುಲಭವಾಗಿದೆ. ಹಿಂದಿನ ರಾತ್ರಿ ಸುರಂಗದಾಚೆಯ ಸಿಸ್ಸುವಿನಲ್ಲಿ ತಂಗಿದರೆ ಇನ್ನೂ ಒಳ್ಳೆಯದು.

ನೀರಿನ ಬಲ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಹರಿವಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಮಡಿಯಾಗುತ್ತದೆ. ರಭಸದ ಹರಿವು ಕೇವಲ 15 ಸೆಂ.ಮೀ. ಆಳವಿದ್ದರೂ ವಯಸ್ಕನನ್ನು ಕೆಡವಬಲ್ಲದೆಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಇವೆರಡರ ಒಡಲೂ ನೆಲದಿಂದ 220 ಮಿ.ಮೀ. ಎತ್ತರದಲ್ಲಿದೆ. ನೀರು ಅದಕ್ಕಿಂತ ಮೇಲೇರಿದರೆ ಚಕ್ರಗಳನ್ನಷ್ಟೇ ಅಲ್ಲದೆ ಎಂಜಿನ್ನಿನ ಮೈಯನ್ನೂ ತಳ್ಳತೊಡಗುತ್ತದೆ. ಈ ಬೈಕುಗಳ 21 ಅಂಗುಲದ ಮುಂಚಕ್ರದ ಅಚ್ಚು ನೆಲದಿಂದ ಸುಮಾರು 35 ಸೆಂ.ಮೀ. ಎತ್ತರದಲ್ಲಿರುತ್ತದೆ. ರಭಸದ ನೀರು ಅಚ್ಚಿನ ಮಟ್ಟ ಮೀರಿದ್ದರೆ ಸಾಮಾನ್ಯ ಸವಾರರು ಅದಕ್ಕೆ ಇಳಿಯಬಾರದೆಂಬುದು ನಮ್ಮ ಸಲಹೆ.

ಇಳಿಯುವ ಮುನ್ನ

ಹಳ್ಳದ ಬಳಿ ಬಂದೊಡನೆ ಬೈಕ್ ನಿಲ್ಲಿಸಿ ಐದು ನಿಮಿಷ ನೋಡಬೇಕು. ಬೇರೆ ವಾಹನ ದಾಟುತ್ತಿದ್ದರೆ ಅದರ ಚಕ್ರ ಎಲ್ಲಿ, ಎಷ್ಟು ಮುಳುಗಿತೆಂಬುದನ್ನು ಗಮನಿಸಬೇಕು. ಹಳ್ಳ ಅಗಲವಾಗಿ ಹರಡಿಕೊಂಡಿರುವೆಡೆ ಆಳ ಸಾಮಾನ್ಯವಾಗಿ ಕಡಿಮೆ. ಇಕ್ಕಟ್ಟಾಗಿ ಹರಿಯುವೆಡೆ ಆಳವೂ ಸೆಳೆತವೂ ಹೆಚ್ಚು. ಬಿದ್ದರೆ ನೀರು ನಮ್ಮನ್ನು ಎಲ್ಲಿಗೆ ಒಯ್ದೀತು ಎಂದು ಕೆಳಬದಿಯನ್ನೂ ನೋಡಿಕೊಳ್ಳಬೇಕು. ಅಲ್ಲಿ ಪ್ರಪಾತವೋ ಚಂದ್ರಾ ನದಿಯೋ ಇದ್ದರೆ ಸಾಹಸ ಸಲ್ಲದು.

ಅನಂತರ, ಶೂ ಕಳಚದೆ ಕೋಲೊಂದನ್ನು ಹಿಡಿದು ನಡೆದು ನೋಡಬೇಕು. ತಳದಲ್ಲಿರುವುದು ಸಣ್ಣ ಹರಳೋ, ಉರುಳುವ ಗುಂಡುಕಲ್ಲೋ ಎಂಬುದು ಕಾಲಿಗೆ ತಿಳಿಯುತ್ತದೆ. ನಡೆದು ದಾಟಲಾಗದ ನೀರನ್ನು ಬೈಕಿನಲ್ಲಿಯೂ ದಾಟಬಾರದು. ಹಿಂಬದಿ ಸವಾರರನ್ನು ಇಳಿಸಿ ಬೇರೆ ವಾಹನದಲ್ಲಿಯೋ, ನೀರು ತೀರ ಕಡಿಮೆಯಿದ್ದರೆ ಕಾಲ್ನಡಿಗೆಯಲ್ಲಿಯೋ ದಾಟಿಸಬೇಕು. ಮೊಬೈಲ್, ಹಣ, ಕಾಗದಪತ್ರಗಳು ನೀರು ಹೋಗದ ಚೀಲದಲ್ಲಿರಲಿ.

ನೀರಿನಲ್ಲಿ

ದಡದಲ್ಲಿಯೇ ಮೊದಲನೆಯ ಗೇರಿಗೆ ಬಂದು, ದಾಟಿ ಮುಗಿಯುವವರೆಗೆ ಗೇರ್ ಬದಲಿಸಬಾರದು. ಆಕ್ಸಿಲರೇಟರನ್ನು ಒಂದೇ ಸಮನಾಗಿ ಹಿಡಿದು, ವೇಗವನ್ನು ಕ್ಲಚ್ಚಿನಿಂದ ನಿಯಂತ್ರಿಸಬೇಕು. ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ, ಹ್ಯಾಂಡಲನ್ನು ಬಿಗಿಹಿಡಿಯದೆ ಸಾಗಿದರೆ ಕಲ್ಲುಗಳ ಮೇಲೆ ಮುಂಚಕ್ರ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ದೃಷ್ಟಿ ಎದುರು ದಡದ ಮೇಲಿರಬೇಕು. ಹರಿಯುವ ನೀರನ್ನೇ ದಿಟ್ಟಿಸಿದರೆ ಬೈಕೂ ಅತ್ತಲೇ ವಾಲುತ್ತದೆ. ಹರಿವು ಕೆಳಕ್ಕೆ ಸರಿಸುವುದರಿಂದ ಗುರಿಯನ್ನು ಕೊಂಚ ಮೇಲ್ಬದಿಗೆ ಇಟ್ಟುಕೊಳ್ಳಬೇಕು. ಚಿತ್ರಗಳಲ್ಲಿ ಕಾಣುವಂತೆ ನೀರನ್ನು ಚಿಮ್ಮಿಸುತ್ತ ನುಗ್ಗಿದರೆ, ಚಿಮ್ಮಿದ ನೀರು ಎಂಜಿನ್ ಉಸಿರಾಡುವ ಗಾಳಿಯ ಕೊಳವೆಯನ್ನು ಸೇರೀತು. ನಡಿಗೆಗಿಂತ ತುಸು ಹೆಚ್ಚಿನ ವೇಗ ಸಾಕು. ಧೈರ್ಯ ಸಾಲದಿದ್ದರೆ ಎಂಜಿನ್ ಚಾಲೂ ಇಟ್ಟು ಪಕ್ಕದಲ್ಲಿ ನಡೆಯುತ್ತ ದಾಟಿಸುವುದರಲ್ಲಿ ಅವಮಾನವೇನಿಲ್ಲ. ಆಗ ಹರಿವು ಬರುವ ಬದಿಯಲ್ಲಿಯೇ ನಡೆಯಬೇಕು. ಇಲ್ಲವಾದರೆ ಮಗುಚಿದ ಬೈಕು ನಮ್ಮ ಮೇಲೆಯೇ ಬೀಳುತ್ತದೆ.

ಬೈಕು ಬಿದ್ದರೆ

ಕೆಲವು ವರ್ಷಗಳ ಹಿಂದೆ ನಾವು ಬ್ಯಾಂಕಿನ ನಾಲ್ವರು ಸಹೋದ್ಯೋಗಿಗಳು ಈ ಹಾದಿಯಲ್ಲಿ ಸಾಗಿದ್ದೆವು. ಊಟ ಮುಗಿಸಿ ಹೊರಟದ್ದು ತಡವಾಗಿ, ಮೂರು ಗಂಟೆಯ ಹೊತ್ತಿಗೆ ಒಂದು ನಾಲಾ ಎದುರಾಯಿತು. ಇಳಿದು ನೋಡುವ ತಾಳ್ಮೆ ನಮ್ಮಲ್ಲಿರಲಿಲ್ಲ. ನಡುನೀರಿನಲ್ಲಿ ಗೆಳೆಯರೊಬ್ಬರ ಬೈಕು ಮಗುಚಿತು. ಅವರಿಗೆ ಪೆಟ್ಟಾಗಲಿಲ್ಲ. ಬೈಕನ್ನು ದಡಕ್ಕೆಳೆದು ಸ್ಟಾರ್ಟರ್ ಒತ್ತಿದೆವು, ತಿರುಗಲಿಲ್ಲ. ಇಳಿಜಾರಿನಲ್ಲಿ ತಳ್ಳಿ ಎಬ್ಬಿಸಲು ಯತ್ನಿಸಿದೆವು. ಒಳಗೆ ಲೋಹ ಬಡಿದ ಸದ್ದಾಯಿತು. ಕನೆಕ್ಟಿಂಗ್ ರಾಡ್ ಬಾಗಿತ್ತು. ಬೈಕು ಲಾರಿಯೇರಿತು, ಆ ರಾತ್ರಿಯನ್ನು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕಳೆದೆವು.

ಕಾರಣ ಸರಳವಾದುದು. ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಆದುದರಿಂದ ಬೈಕು ಬಿದ್ದೊಡನೆ ಮೊದಲು ಸವಾರನನ್ನು ಹೊರತಂದು, ಕೈಗೆಟಕಿದರೆ ಕಿಲ್ ಸ್ವಿಚ್ ಒತ್ತಬೇಕು. ಬೈಕು ಹರಿವಿಗೆ ಸಿಕ್ಕಿದರೆ ಬಿಟ್ಟುಬಿಡಬೇಕು. ದಡಕ್ಕೆ ಬಂದಮೇಲೆ ಸ್ಟಾರ್ಟರ್ ಮುಟ್ಟದೆ ಏರ್ ಫಿಲ್ಟರ್ ತೆರೆದು ನೋಡಬೇಕು. ಅದು ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ ಕಳಚಿ, ಎಂಜಿನ್ ತಿರುಗಿಸಿ ನೀರನ್ನು ಹೊರಹಾಕಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸದೆ ಓಡಿಸಕೂಡದು.

ವಿಮೆಯ ಬಗೆಗೊಂದು ಮಾತು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಹೋಗಿ ಆದ ಹಾನಿಯನ್ನು 'ಅನುಷಂಗಿಕ ನಷ್ಟ'ವೆಂದು ಪರಿಗಣಿಸಿ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ನಿರಾಕರಿಸುವುದುಂಟು. ಎಂಜಿನ್ ರಕ್ಷಣೆಗೆ ಪ್ರತ್ಯೇಕ ಪೂರಕ ವಿಮೆ ಇದೆಯೇ ಎಂದು ಹೊರಡುವ ಮುನ್ನವೇ ಪಾಲಿಸಿಯನ್ನು ಓದಿಕೊಳ್ಳುವುದು ಲೇಸು.

ದಾಟಿದ ಮೇಲೆ

ಒದ್ದೆಯಾದ ಬ್ರೇಕುಗಳು ಕೂಡಲೇ ಹಿಡಿಯುವುದಿಲ್ಲ. ಸ್ವಲ್ಪ ದೂರ ಲಘುವಾಗಿ ಒತ್ತುತ್ತ ಸಾಗಿ ಅವುಗಳನ್ನು ಒಣಗಿಸಬೇಕು. ಸಂಜೆ ಚೈನಿಗೆ ಎಣ್ಣೆ ಹಾಕಬೇಕು. ಹಿಮದ ನೀರಿನಲ್ಲಿ ನೆನೆದ ಕಾಲು ಬೇಗ ಮರಗಟ್ಟುತ್ತದೆ. ಒಣ ಕಾಲುಚೀಲದ ಜೊತೆಯೊಂದು ಕೈಗೆಟಕುವಲ್ಲಿಯೇ ಇರಲಿ.

ಸಹ್ಯಾದ್ರಿಯ ಮಳೆಗಾಲದಲ್ಲಿ ಮಾಳಶೇಜ್, ತಾಮ್ಹಿಣಿ ಘಾಟಿಗಳತ್ತ ಹೋಗುವ ನಮ್ಮವರು ಒಂದು ವ್ಯತ್ಯಾಸವನ್ನು ಮನಗಾಣಬೇಕು. ಇಲ್ಲಿ ಹಿಮವಿಲ್ಲವಾದ್ದರಿಂದ ಬೆಳಗು, ಮಧ್ಯಾಹ್ನಗಳ ಲೆಕ್ಕ ನಡೆಯದು. ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ಯಾವ ಗಳಿಗೆಯಲ್ಲಾದರೂ ಉಕ್ಕೀತು. ಕೆಂಪು ನೀರಿನಡಿಯಲ್ಲಿ ರಸ್ತೆಯೇ ಕೊಚ್ಚಿಹೋಗಿದ್ದರೂ ಕಾಣದು. ಮುಳುಗಿದ ಸೇತುವೆಯನ್ನು ಎಂದಿಗೂ ದಾಟಕೂಡದು.

ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾರೆ. ನೀರು ಹೆಚ್ಚಿದ್ದರೆ ದಡದಲ್ಲಿಯೇ ಒಂದು ರಾತ್ರಿ ತಂಗಿ ಮರುದಿನ ಬೆಳಿಗ್ಗೆ ದಾಟಲು, ಬೇಕಾದರೆ ಹಿಂದಿರುಗಲು, ರಜೆಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿರೆಂದು ನಮ್ಮ ತರುಣ ಮಿತ್ರರಲ್ಲಿ ವಿನಂತಿಸುತ್ತೇವೆ.