ಇಕ್ಕೇರಿಯ ವರಹವೂ ನಾಣ್ಯಪರೀಕ್ಷೆಯೂ

ಶಿಲಾಶಾಸನವು ನೆಟ್ಟ ಸ್ಥಳದಲ್ಲಿಯೇ ನಿಂತಿರುವುದು; ತಾಮ್ರಶಾಸನವು ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿರುವುದು. ನಾಣ್ಯವಾದರೋ ರಾಜಮುದ್ರೆಯನ್ನು ಹೊತ್ತು ಸಂತೆಗೂ ದೇವಾಲಯಕ್ಕೂ ಪರರಾಜ್ಯಕ್ಕೂ ಸಂಚರಿಸುವುದು. ಹೀಗೆ ಕೈಯಿಂದ ಕೈಗೆ ಹೋಗುವ ವಸ್ತುವಿಗೆ ಮೋಸಗಾರನ ಕಾಟವು ಆದಿಯಿಂದಲೂ ತಪ್ಪಿದುದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಶಾಲೆಯನ್ನು ನೋಡಿಕೊಳ್ಳುವ ಲಕ್ಷಣಾಧ್ಯಕ್ಷನಲ್ಲದೆ, ನಾಣ್ಯಗಳನ್ನು ಪರೀಕ್ಷಿಸುವ ರೂಪದರ್ಶಕನೆಂಬ ಬೇರೊಬ್ಬ ಅಧಿಕಾರಿಯೂ ಹೇಳಲ್ಪಟ್ಟಿರುವನು. ನಮ್ಮ ನಾಡಿನಲ್ಲಿ ನಾಣ್ಯವನ್ನು ಅಚ್ಚು ಹಾಕುವ ಸ್ಥಳಕ್ಕೆ ಕಮ್ಮಟವೆಂದೂ, ಅದರ ಒಳ್ಳೆಯದು ಕೆಟ್ಟುದನ್ನು ನೋಡಿ ಹೇಳುವವನಿಗೆ ನೋಟಗಾರನೆಂದೂ ಹೆಸರಿದ್ದಿತು.

ಆ ನೋಟಗಾರನು ಈಗ ನಮ್ಮ ಪೇಟೆಗಳಲ್ಲಿಲ್ಲ; ಆದರೆ ಹಳೆಯ ನಾಣ್ಯಗಳ ವ್ಯಾಪಾರವು ಹಿಂದೆಂದೂ ಇಲ್ಲದಷ್ಟು ಬೆಳೆದಿರುವುದು. ಅಂತರ್ಜಾಲದ ಹರಾಜುಗಳಲ್ಲಿ ಮನೆಯ ಜಗಲಿಯಲ್ಲಿ ಕುಳಿತೇ ಮೊಬೈಲಿನಿಂದ ಸವಾಲು ಹಾಕಬಹುದಾಗಿದೆ. 'ಕೆಳದಿ ಅರಸರ ಅಪರೂಪದ ಚಿನ್ನದ ವರಹ, ಅತ್ಯಲ್ಪ ಬೆಲೆಗೆ' ಎಂಬಂತಹ ಮಾತನ್ನು ಅಲ್ಲಿ ಕಂಡಾಗ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜನರಿಗೆ ಅಭಿಮಾನದಿಂದಲೂ ಆಸೆ ಹುಟ್ಟುವುದು ಸಹಜವೇ. ಕೆಳದಿಯೂ ಇಕ್ಕೇರಿಯೂ ನಮ್ಮ ವರದಹಳ್ಳಿಗೆ ದೂರದ ಊರುಗಳಲ್ಲ. ಆದುದರಿಂದ ಇಕ್ಕೇರಿಯ ವರಹದ ಚರಿತ್ರೆಯನ್ನೇ ದೀಪವಾಗಿ ಹಿಡಿದು, ಅಗ್ಗವೆಂದು ತೋರುವ ನಾಣ್ಯವು ನಿಜವಾಗಿ ಅಗ್ಗವೇ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಕೆಳದಿಯ ನಾಯಕರು ಮೊದಲು ವಿಜಯನಗರದ ಸಾಮಂತರಾಗಿದ್ದು ಕ್ರಮೇಣ ಸ್ವತಂತ್ರರಾದರು. ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೂ, ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯಿಂದ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೂ ಹೋಯಿತು. ಅರಮನೆಯು ಸ್ಥಳ ಬದಲಾಯಿಸಿದರೂ ನಾಣ್ಯದ ಹೆಸರು ಬದಲಾಗಲಿಲ್ಲ. ಜನರು ಅದನ್ನು ಇಕ್ಕೇರಿಯ ವರಹವೆಂದೇ ಕರೆದರು. ಇದು ಸುಮಾರು 3.4 ಗ್ರಾಂ ತೂಗುವ ಚಿಕ್ಕ ಹೊನ್ನಿನ ಬಿಲ್ಲೆ. ಮುಂಭಾಗದಲ್ಲಿ ಕುಳಿತಿರುವ ಶಿವಪಾರ್ವತಿಯರ ಮೂರ್ತಿ. ಹಿಂಭಾಗದಲ್ಲಿ ನಾಗರಾಕ್ಷರದಲ್ಲಿ 'ಶ್ರೀ ಸದಾಶಿವ' ಎಂಬ ಲಿಪಿ.

ಈ ಶಿವಪಾರ್ವತಿಯರ ಚಿತ್ರವು ಕೆಳದಿಯವರ ಸ್ವತ್ತು ಮಾತ್ರವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವರಿಗಿಂತ ಮೊದಲೇ ವಿಜಯನಗರದ ವರಹಗಳಲ್ಲಿ ಉಮಾಮಹೇಶ್ವರರು ಕಾಣಿಸಿಕೊಂಡಿದ್ದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆ ತಾನು ಅಚ್ಚು ಹಾಕಿಸಿದ ಬಹಾದೂರಿ ವರಹದಲ್ಲಿ ಅದೇ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಭಾಗದಲ್ಲಿ ಮಾತ್ರ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿ ಲಿಪಿಯಲ್ಲಿ ಹಾಕಿಸಿದನು. ಟೀಪುವಿನ ವರಹಗಳಲ್ಲಿ ದೇವತಾಮೂರ್ತಿಗಳಿಲ್ಲ. 1799ರ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ವರಹದಲ್ಲಿ ಪುನಃ ಶಿವಪಾರ್ವತಿಯರೂ, ಹಿಂದೆ ನಾಗರದಲ್ಲಿ 'ಶ್ರೀ ಕೃಷ್ಣರಾಜ' ಎಂಬ ಅಕ್ಷರಗಳೂ ಬಂದವು.

ಬೇರೆ ಮತದವನಾದ ಹೈದರನು ಈ ಮೂರ್ತಿಗಳನ್ನು ಏಕೆ ಉಳಿಸಿದನು? ರೈತನೂ ಅಡಕೆಯ ವರ್ತಕನೂ ಆ ರೂಪವನ್ನು ಕಂಡು ನಂಬಿ ತೆಗೆದುಕೊಳ್ಳುತ್ತಿದ್ದರು. ಆ ನಂಬಿಕೆಯನ್ನು ಕೆಡಿಸಿದರೆ ಬೊಕ್ಕಸಕ್ಕೇ ನಷ್ಟ. ಆದರೆ ಅವನು ನಂಬಿಕೆಯನ್ನು ಉಪಯೋಗಿಸಿಕೊಂಡರೂ ತನ್ನ ಗುರುತನ್ನು ಬಹಿರಂಗವಾಗಿ ಹಾಕಿದನು. ಕಳ್ಳನಾಣ್ಯದವನು ಅದೇ ನಂಬಿಕೆಯನ್ನು ಕದ್ದು ತನ್ನ ಗುರುತನ್ನು ಮರೆಸುವನು. ಅರಸರ ಅನುಕರಣಕ್ಕೂ ಕೂಟಕಾರನ ಅನುಕರಣಕ್ಕೂ ಇರುವ ಭೇದವು ಇಷ್ಟೇ. ಆದುದರಿಂದ ನಾಣ್ಯಪರೀಕ್ಷೆಯ ಮೊದಲನೆಯ ಪಾಠವೇನೆಂದರೆ, ಮುಂಭಾಗದ ಚಿತ್ರವನ್ನು ನೋಡಿ ಮರುಳಾಗದೆ ಹಿಂಭಾಗವನ್ನು ಓದತಕ್ಕದ್ದು. ಒಂದೇ ಮುಖವನ್ನು ತೋರಿಸುವ ಚಿತ್ರವನ್ನು ನಂಬಿ ಸವಾಲು ಹಾಕಬಾರದು.

ಎರಡನೆಯ ಪಾಠವು ಕಥೆಯ ಬೆಲೆಯನ್ನು ಕುರಿತದ್ದು. 'ಇದು ಶಿವಪ್ಪನಾಯಕನದೇ', 'ಇದು ರಾಣಿ ಚೆನ್ನಮ್ಮಾಜಿಯು ಹೊರಡಿಸಿದುದೇ' ಎಂದು ಮಾರುವವರು ಹೇಳುವರು. ಸಾಮಾನ್ಯವಾದ ಇಕ್ಕೇರಿ ವರಹದ ಮೇಲೆ ವರ್ಷವಿಲ್ಲ. 'ಸದಾಶಿವ' ಎಂಬುದು ಪರಮೇಶ್ವರನ ನಾಮವೂ ಹೌದು, ಕೆಳದಿಯ ಸದಾಶಿವನಾಯಕನ ಹೆಸರೂ ಹೌದು. ಅದೇ ಲಿಪಿಯನ್ನು ವಂಶದವರು ಮುಂದುವರಿಸಿದರು. ಹೀಗಿರುವಾಗ ಕೇವಲ ಈ ಅಕ್ಷರಗಳ ಬಲದಿಂದ ಒಂದು ವರಹವನ್ನು ಚೆನ್ನಮ್ಮಾಜಿಗೆ ಕಟ್ಟಿಕೊಡುವುದು ಸಾಧ್ಯವಲ್ಲ. ಅಲ್ಲದೆ ಅನೇಕ ಅರಸರು ದೀರ್ಘಕಾಲ ಅಚ್ಚು ಹಾಕಿಸಿದ ನಾಣ್ಯವು ಹಳೆಯದೆಂಬ ಮಾತ್ರಕ್ಕೆ ಅಪರೂಪವಾಗಲಾರದು. ಅದೇ ಬಗೆಯ ನಾಣ್ಯಗಳು ಹಿಂದಿನ ಹರಾಜುಗಳಲ್ಲಿ ಯಾವ ಬೆಲೆಗೆ ಹೋದವೆಂಬುದನ್ನು ಹೆಸರಾಂತ ಹರಾಜುಗಾರರು ಪ್ರಕಟಿಸುವುದುಂಟು. ಅದನ್ನು ನೋಡದೆ ಅಗ್ಗವೆಂದೂ ದುಬಾರಿಯೆಂದೂ ನಿರ್ಣಯಿಸುವುದು ಹೇಗೆ?

ಮೂರನೆಯದು ಲೋಹ. ಆ ದಿನದ ಚಿನ್ನದ ದರವನ್ನು 3.4ರಿಂದ ಗುಣಿಸಿ, ಬೆರಕೆಗಾಗಿ ಸ್ವಲ್ಪ ಕಳೆದರೆ ವರಹದ ಕೇವಲ ಲೋಹದ ಬೆಲೆಯು ತಿಳಿಯುವುದು. ಅದಕ್ಕಿಂತಲೂ ಬಹಳ ಕಡಿಮೆಗೆ ಒಬ್ಬನು ಕೊಡುವುದಾದರೆ, ಅವನು ಅಕ್ಕಸಾಲಿಗನ ಅಂಗಡಿಗೆ ಹೋಗಿ ಹೆಚ್ಚು ಹಣ ಪಡೆಯುವುದನ್ನು ಬಿಟ್ಟು ನಮಗೇಕೆ ಉಪಕಾರ ಮಾಡುವನೆಂದು ಕೇಳಿಕೊಳ್ಳಬೇಕು. ನಾಣ್ಯವು ಕೈಗೆ ಬಂದ ಮೇಲೆ ನೀರಿನ ಪರೀಕ್ಷೆಯನ್ನು ಮಾಡಬಹುದು. ಸೂಕ್ಷ್ಮವಾದ ತಕ್ಕಡಿಯಲ್ಲಿ ಒಮ್ಮೆ ಗಾಳಿಯಲ್ಲಿಯೂ, ಒಮ್ಮೆ ಎಳೆಯ ದಾರದಿಂದ ನೀರಿನಲ್ಲಿ ತೂಗುಬಿಟ್ಟೂ ತೂಗಿದರೆ, 3.4 ಗ್ರಾಮಿನ ಶುದ್ಧ ಚಿನ್ನವು ಸುಮಾರು 0.18 ಗ್ರಾಂ ಕಡಮೆಯಾಗುವುದು. ಸ್ವಲ್ಪ ಬೆರಕೆಯಿದ್ದರೆ 0.20ರ ಸುತ್ತ. ಚಿನ್ನದ ನೀರು ಕುಡಿಸಿದ ಬೆಳ್ಳಿಯಾದರೆ 0.32, ಹಿತ್ತಾಳೆಯಾದರೆ 0.40 ಗ್ರಾಮಿನಷ್ಟು ಕಡಮೆಯಾಗುವುದು. ಒರೆಗಲ್ಲು ಮೇಲ್ಮೈಯನ್ನು ಮಾತ್ರ ಹೇಳುವುದರಿಂದಲೂ, ನಾಣ್ಯವನ್ನು ಸವೆಸುವುದರಿಂದಲೂ ಈ ಕೆಲಸಕ್ಕೆ ತಕ್ಕುದಲ್ಲ.

ನಾಲ್ಕನೆಯದು ಅಚ್ಚು. ಪೂರ್ವಕಾಲದ ವರಹವು ಎರಡು ಅಚ್ಚುಗಳ ನಡುವೆ ಸುತ್ತಿಗೆಯ ಪೆಟ್ಟಿನಿಂದ ಹುಟ್ಟಿದುದು. ಆದುದರಿಂದ ಅದರ ಗೆರೆಗಳು ಖಚಿತವಾಗಿರುವುವು. ಚಿತ್ರವು ಒಂದಿಷ್ಟು ಪಕ್ಕಕ್ಕೆ ಸರಿದಿರುವುದೂ ಉಂಟು. ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳ ಅಂಚು ಮೊಂಡಾಗಿ, ಮೈಮೇಲೆ ಸೂಜಿಮೊನೆಯಂತಹ ರಂಧ್ರಗಳೂ, ಅಂಚಿನ ಸುತ್ತ ಜೋಡಣೆಯ ಗೆರೆಯೂ ಕಾಣಬಹುದು. ಕೈಯಿಂದ ಹೊಡೆದ ಎರಡು ನಾಣ್ಯಗಳು ಎಲ್ಲ ವಿಧದಲ್ಲಿಯೂ ಒಂದೇ ಆಗಿರಲಾರವು. ಬೇರೆಬೇರೆ ಹರಾಜುಗಳಲ್ಲಿ ಬಂದ ಎರಡು ವರಹಗಳ ಚಿತ್ರಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಗಾಯವೂ ಒಂದೇ ಓರೆಯೂ ಕಂಡರೆ, ಒಂದೇ ನಾಣ್ಯವು ಮರಳಿ ಮಾರಾಟಕ್ಕೆ ಬಂದಿರಬೇಕು. ಹಾಗಲ್ಲವಾದರೆ ಎರಕದ ನಕಲೆಂದು ಶಂಕಿಸಬೇಕು. ಈ ಹೋಲಿಕೆಯು ಹಿಂದಿನ ನೋಟಗಾರನಿಗೆ ದೊರೆಯದಿದ್ದ ಸಾಧನ. ಅಂತರ್ಜಾಲವು ನಮಗೆ ಕೊಟ್ಟಿರುವ ಉಪಕಾರ.

ಇಷ್ಟು ಪರೀಕ್ಷೆಯೂ ಬೇಕಿಲ್ಲದ ಮೋಸಗಳೂ ಇವೆ. 1818ನೆಯ ವರ್ಷವನ್ನು ಹಾಕಿ, ಒಂದು ಬದಿಯಲ್ಲಿ ಶ್ರೀರಾಮ ಅಥವಾ ಹನುಮಂತನನ್ನೂ ಮತ್ತೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ ಹೊತ್ತ 'ಒಂದಾಣೆ'ಗಳನ್ನು ಲಕ್ಷಗಟ್ಟಲೆ ಬೆಲೆಯವೆಂದು ಸಾರುವರು. ಕಂಪನಿಯು ಮದರಾಸಿನಲ್ಲಿ ದೇವತಾಮೂರ್ತಿಯುಳ್ಳ ವರಹಗಳನ್ನು ಹೊರಡಿಸಿದುದು ನಿಜ. ಆದರೆ ಇಂತಹ 1818ರ ಆಣೆಯನ್ನು ಎಂದೂ ಹೊರಡಿಸಲಿಲ್ಲ. ಹಾಗೆಯೇ ಹಳೆಯ ನಾಣ್ಯವನ್ನು ಕೊಳ್ಳುವೆವೆಂದು ಹೇಳಿ ಮೊದಲು ತೆರಿಗೆ, ಕಮಿಷನ್ ಎಂದು ಹಣ ಕೇಳುವವರು ರಿಸರ್ವ್ ಬ್ಯಾಂಕಿನ ಹೆಸರನ್ನು ದುರುಪಯೋಗಪಡಿಸುತ್ತಿರುವರೆಂದು 2021ರಲ್ಲಿ ಆ ಬ್ಯಾಂಕೇ ಸಾರ್ವಜನಿಕರನ್ನು ಎಚ್ಚರಿಸಿತು.

ಕೊಳ್ಳುವವರು ನಾಣ್ಯದ ತೂಕ, ಎರಡು ಮುಖ ಮತ್ತು ಅಂಚಿನ ಚಿತ್ರ, ನಕಲೆಂದು ಕಂಡರೆ ಹಣ ಹಿಂದಿರುಗಿಸುವ ಲಿಖಿತ ಭರವಸೆ ಇವನ್ನು ಮೊದಲೇ ಕೇಳತಕ್ಕದ್ದು. ಸವಾಲಿನ ಮೊತ್ತದ ಮೇಲೆ ಹರಾಜುಗಾರರ ಕಮಿಷನ್ನೂ ತೆರಿಗೆಯೂ ಸೇರುವುದನ್ನು ಲೆಕ್ಕದಲ್ಲಿಡಬೇಕು. ನೂರು ವರ್ಷ ಕಳೆದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾನೂನಿಗೆ ಒಳಪಡುವುದರಿಂದ ಅವುಗಳನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವುದು ನಿಷಿದ್ಧವಾಗಿದೆ. ತೋಟದಲ್ಲಿ ಅಗೆಯುವಾಗ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸದೆ ಮಾರುವುದೂ ಅಪರಾಧ.

ಇದು ಹಣದ ಮಾತು ಮಾತ್ರವಲ್ಲ. 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣರು ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿದಾಗ ಶಾತವಾಹನರ ನಾಣ್ಯಗಳೊಡನೆ ರೋಮಿನ ನಾಣ್ಯಗಳೂ ದೊರೆತವು. ದೊರೆತ ಸ್ಥಳವು ಗೊತ್ತಿದ್ದುದರಿಂದಲೇ ಅವು ನಮ್ಮ ನಾಡಿಗೂ ದೂರದ ರೋಮಿಗೂ ಇದ್ದ ಸಂಬಂಧಕ್ಕೆ ಸಾಕ್ಷಿಯಾದವು. ಎಲ್ಲಿಂದ ಬಂದಿತೆಂದು ಹೇಳಲಾಗದ ನಾಣ್ಯವು ನಿಜವಾದುದಾದರೂ ಅರ್ಧ ಮೂಕವಾದುದು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯಲ್ಲಿಯೋ ಕಾಸಿನ ಸರದಲ್ಲಿಯೋ ವರಹವೊಂದು ಇದ್ದರೆ, ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಸದೆ, ಕರಗಿಸಲು ಕೊಡದೆ, ತೂಕವನ್ನೂ ಅದು ಯಾರಿಂದ ಬಂದಿತೆಂಬುದನ್ನೂ ಒಂದು ಕಾಗದದಲ್ಲಿ ಬರೆದು ಜೊತೆಯಲ್ಲಿಡುವುದು ಲೇಸು. ಹರಾಜಿನಲ್ಲಿ ಯಾವ ಬೆಲೆಗೂ ದೊರೆಯದ ಸಾಕ್ಷ್ಯವು ಆ ಕಾಗದದಲ್ಲಿರುವುದು.