ವಿಶ್ವಾಸ ತೊರೆದವರಿಗಾಗಿ ಮನೆಮಂದಿಯ ಪ್ರಾರ್ಥನೆ



ಆಗಸ್ಟ್ 27ರಂದು ಸಂತ ಮೋನಿಕಮ್ಮನವರ ಹಬ್ಬ. ಮಾರನೆಯ ದಿನ ಅವರ ಮಗ ಸಂತ ಅಗಸ್ಟೀನರ ಹಬ್ಬ. ಈ ಹಬ್ಬಗಳು ಹತ್ತಿರ ಬಂದವೆಂದರೆ, "ಫಾದರ್, ನಮ್ಮ ಹುಡುಗ ಚರ್ಚಿಗೆ ಬರೋದು ಬಿಟ್ಟಾನ್ರಿ, ಅವನ ಹೆಸರಲ್ಲಿ ಒಂದು ಪೂಜೆ ಇಡ್ರಿ" ಎಂದು ಮೆಲ್ಲಗೆ ಬಂದು ಕೇಳುವ ತಾಯಂದಿರು ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಒಬ್ಬರ ಮಗ ಬೇರೆ ಸಭೆಯ ಪ್ರಾರ್ಥನಾಲಯಕ್ಕೆ ಹೋಗುತ್ತಾನೆ, ಇನ್ನೊಬ್ಬರ ಮಗಳು ಬೇರೆ ಧರ್ಮದ ಮನೆಗೆ ಸೊಸೆಯಾಗಿ ಹೋಗಿದ್ದಾಳೆ, ಮತ್ತೊಬ್ಬರ ಅಣ್ಣನಿಗೆ ಯಾವ ದೇವರೂ ಬೇಡವಾಗಿದೆ. ಇಂತಹವರಿಗಾಗಿ ಮನೆಮಂದಿ ಕೂಡಿ ಪ್ರಾರ್ಥಿಸುವ ವಾಡಿಕೆ ಧರ್ಮಸಭೆಯಷ್ಟೇ ಹಳೆಯದು. ಆ ವಾಡಿಕೆ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡೋಣ.

ಮನೆಯವರ ಧರ್ಮವನ್ನು ಬಿಟ್ಟು ಹೊರಡುವುದು ಎಂದರೇನು ಎಂಬುದು ಬಾಗಲಕೋಟೆ, ಹುನಗುಂದ, ಇಳಕಲ್, ಬಾದಾಮಿ ಕಡೆಯ ನಮ್ಮ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲಸಂಗಮವನ್ನು ನಾವೆಲ್ಲ ಕಂಡವರೇ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಬ್ರಾಹ್ಮಣ ಮನೆತನದ ಬಾಲಕ ಬಸವಣ್ಣ ಜನಿವಾರವನ್ನು ಒಲ್ಲೆನೆಂದು ತಂದೆ ಮಾದರಸ, ತಾಯಿ ಮಾದಲಾಂಬಿಕೆಯರ ಮನೆ ಬಿಟ್ಟು ಅಲ್ಲಿಗೆ ಬಂದನೆಂದು ನಾಡಿನ ಪರಂಪರೆ ಹೇಳುತ್ತದೆ. ಅಕ್ಕ ನಾಗಮ್ಮ ತಮ್ಮನ ಬೆನ್ನಿಗೆ ನಿಂತಳು. ನಾವು ಈ ಕತೆಯನ್ನು ಸಾಮಾನ್ಯವಾಗಿ ಹೊರಟವನ ಕಡೆಯಿಂದ ಕೇಳುತ್ತೇವೆ. ಬಾಗೇವಾಡಿಯ ಆ ಮನೆಯಲ್ಲಿ ಉಳಿದವರ ಅಂದಿನ ರಾತ್ರಿ ಹೇಗೆ ಕಳೆದಿರಬಹುದು? ಇಂದು ಇಳಕಲ್ಲಿನ ಕಥೋಲಿಕ ತಾಯಿಯೊಬ್ಬಳು ಪಡುವ ಸಂಕಟಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಇರಲಾರದು. ಹೊರಟವನಿಗೆ ಅದು ಬೆಳಕಿನ ಕಡೆಗಿನ ದಾರಿ, ಉಳಿದವರಿಗೆ ಮನೆಯ ದೀಪ ಸಣ್ಣಗಾದಂತೆ. ಈ ಎರಡೂ ನಿಜವೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಮಾತು.

ಸಂತ ಮೋನಿಕಮ್ಮ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನವರು. ಈ ಊರು ಈಗಿನ ಆಲ್ಜೀರಿಯ ದೇಶದಲ್ಲಿದೆ. ಅವರ ಕಣ್ಣೀರಿನ ಬಗ್ಗೆ ನಾವು ಪ್ರಬೋಧನೆಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಆದರೆ ಅಗಸ್ಟೀನರೇ ಬರೆದಿಟ್ಟ ಒಂದು ಸಂಗತಿಯನ್ನು ಹೇಳುವವರು ಕಡಿಮೆ. ಮಗ ಮಾನಿಯ ಪಂಥ ಸೇರಿ ತಾಯಿಯ ವಿಶ್ವಾಸವನ್ನು ಹೀಯಾಳಿಸತೊಡಗಿದಾಗ ಮೋನಿಕಮ್ಮ ಅವನನ್ನು ಮನೆಯಲ್ಲಿರಿಸಿಕೊಳ್ಳಲು, ಜೊತೆಯಲ್ಲಿ ಊಟಕ್ಕೆ ಕೂರಿಸಿಕೊಳ್ಳಲು ಒಪ್ಪಲಿಲ್ಲ. ಅನಂತರ ಅವರಿಗೊಂದು ಕನಸು ಬಿತ್ತು. ತಾನು ನಿಂತ ಮರದ ಹಲಗೆಯ ಮೇಲೆಯೇ ಮಗನೂ ನಿಂತಿರುವುದನ್ನು ಅದರಲ್ಲಿ ಕಂಡರು. ಎದ್ದವರು ಮಗನನ್ನು ಮತ್ತೆ ಊಟಕ್ಕೆ ಕರೆದರು. ಮಗ ಆಗಿನ್ನೂ ಬದಲಾಗಿರಲಿಲ್ಲ, ಬದಲಾಗಲು ವರ್ಷಗಳೇ ಬೇಕಿದ್ದವು. ಅವನೊಡನೆ ವಾದಿಸಿ ಗೆಲ್ಲಿರೆಂದು ಮೋನಿಕಮ್ಮ ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿಕೊಂಡಾಗ ಅವರು ಒಪ್ಪಲಿಲ್ಲ, ಸದ್ಯಕ್ಕೆ ಅವನ ಪಾಡಿಗೆ ಬಿಟ್ಟು ಪ್ರಾರ್ಥಿಸು ಎಂದು ಕಳಿಸಿದರು. 387ರ ಪಾಸ್ಕ ಜಾಗರಣೆಯಂದು ಮಿಲಾನಿನಲ್ಲಿ ಸಂತ ಅಂಬ್ರೋಸರು ಅಗಸ್ಟೀನರಿಗೆ ದೀಕ್ಷಾಸ್ನಾನ ಕೊಟ್ಟರು. ಅದೇ ವರ್ಷ ಓಸ್ತಿಯ ಬಂದರಿನಲ್ಲಿ ತಾಯಿ ತೀರಿಕೊಂಡರು. ಅಗಸ್ಟೀನರು ಆವರೆಗೆ ದೀಕ್ಷಾಸ್ನಾನವನ್ನೇ ಪಡೆದಿರಲಿಲ್ಲವಾದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅವರು ಧರ್ಮಸಭೆಯನ್ನು ಬಿಟ್ಟುಹೋದವರಲ್ಲ. ಆದರೆ ತಾಯಿಯ ಹೃದಯ ಇಂತಹ ಲೆಕ್ಕ ಹಾಕುವುದಿಲ್ಲ.

ಅದೇ ಆಫ್ರಿಕದಲ್ಲಿ ಇನ್ನೂ ನೂರಿಪ್ಪತ್ತು ವರ್ಷ ಹಿಂದೆ ಇಡೀ ಧರ್ಮಸಭೆಯೇ ಈ ಪ್ರಶ್ನೆಯನ್ನು ಎದುರಿಸಿತ್ತು. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಆಜ್ಞೆಯಂತೆ ಎಲ್ಲರೂ ರೋಮಿನ ದೇವತೆಗಳಿಗೆ ಬಲಿಯರ್ಪಿಸಿ ಅದಕ್ಕೊಂದು ಪತ್ರ ಪಡೆಯಬೇಕಾಯಿತು. ಹೆದರಿ ಅರ್ಪಿಸಿದವರು, ಅರ್ಪಿಸದೆ ಲಂಚ ಕೊಟ್ಟು ಪತ್ರ ಪಡೆದವರು ಬಹಳ. ಹಿಂಸೆ ತಣ್ಣಗಾದ ಮೇಲೆ ಅವರು ಅಳುತ್ತ ಬಾಗಿಲಿಗೆ ಬಂದರು. ಅವರಿಗೆ ಇನ್ನೆಂದೂ ಕ್ಷಮೆಯಿಲ್ಲ ಎಂದು ರೋಮಿನಲ್ಲಿ ನೊವೇಷಿಯನ್ ಹಠ ಹಿಡಿದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ನರು 251ರಲ್ಲಿ ಸಭೆ ಕೂಡಿಸಿ, ತಪ್ಪಿಗೆ ತಕ್ಕ ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳುವ ದಾರಿ ಮಾಡಿದರು. ಮುಂದೆ ಪ್ರಾಯಶ್ಚಿತ್ತದಲ್ಲಿರುವವರಿಗಾಗಿ ಸಭೆಯೆಲ್ಲ ಕೂಡಿ ಪ್ರಾರ್ಥಿಸಿ ಅವರನ್ನು ಪವಿತ್ರ ಗುರುವಾರ ಮರಳಿ ಸೇರಿಸಿಕೊಳ್ಳುವ ಪದ್ಧತಿ ರೋಮಿನಲ್ಲಿ ಬೆಳೆಯಿತು.

ನಮ್ಮ ಕರ್ನಾಟಕದಲ್ಲಿ ಈ ಪ್ರಶ್ನೆ ಅತ್ಯಂತ ಕಠೋರವಾಗಿ ಎದುರಾದದ್ದು 1784ರಲ್ಲಿ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆ ವರ್ಷದ ವಿಭೂತಿ ಬುಧವಾರ ಹಿಡಿದರೆಂದು ಸಮುದಾಯದ ನೆನಪು. ಗುರುಗಳನ್ನು ಗಡೀಪಾರು ಮಾಡಿದರು, ದೇವಾಲಯಗಳನ್ನು ಕೆಡವಿದರು. ಮೂಡುಬಿದಿರೆಯ ಜೈನ ಅರಸ ಚೌಟರ ಆಸರೆಯಿಂದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಉಳಿಯಿತು. ಸೆರೆಯಾದವರಲ್ಲಿ ದಾರಿಯಲ್ಲೂ ರೋಗದಿಂದಲೂ ಸತ್ತವರು ಅನೇಕರು. ಗಂಡಸರಿಗೆ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಯುವಕರನ್ನು ಸೈನ್ಯಕ್ಕೆ ಸೇರಿಸಿದರು. ಈ ಇತಿಹಾಸವನ್ನು ಇಂದು ವೇದಿಕೆಗಳ ಮೇಲೆ ಒಂದು ಸಮುದಾಯವನ್ನು ಹಳಿಯಲು ಎತ್ತಿಕೊಳ್ಳುವವರಿದ್ದಾರೆ. ನಮ್ಮ ಹಿರಿಯರ ಕಣ್ಣೀರನ್ನು ಹಾಗೆ ಖರ್ಚು ಮಾಡಲು ನಾವು ಯಾರಿಗೂ ಕೊಡಬಾರದು. ನಮಗಿಲ್ಲಿ ಬೇಕಾದದ್ದು ಬೇರೆಯೇ ಪ್ರಶ್ನೆ: ಆ ಹದಿನೈದು ವರ್ಷ ಅವರ ವಿಶ್ವಾಸ ಎಲ್ಲಿತ್ತು?

ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಮಗುವಿಗೆ ದೀಕ್ಷಾಸ್ನಾನ ಕೊಡಲು ಗುರುವಿಲ್ಲ. ಇನ್ನು ಉಳಿದದ್ದು ಮನೆಯವರ ನಾಲಿಗೆಯ ಮೇಲಿದ್ದ ಪ್ರಾರ್ಥನೆ ಮಾತ್ರ. ಹಿಡಿಯಲ್ಪಡದೆ ತಪ್ಪಿಸಿಕೊಂಡವರೂ ಇದ್ದರು. ಕೊಡಗಿನ ವೀರರಾಜೇಂದ್ರ ಒಡೆಯರು ತಾವು 1792ರಲ್ಲಿ ಕಟ್ಟಿಸಿದ ವಿರಾಜಪೇಟೆಯಲ್ಲಿ ಹೀಗೆ ಬಂದ ಕಥೋಲಿಕರಿಗೆ ನೆಲೆ ಕೊಟ್ಟರು. ಒಂದೇ ಮನೆಯ ಅಣ್ಣ ಅಲ್ಲಿ ಜಪಸರ ಹಿಡಿದು, ತಮ್ಮ ಇಲ್ಲಿ ಹೊಸ ಹೆಸರಿನಲ್ಲಿ ಸುಲ್ತಾನನ ದಂಡಿನಲ್ಲಿ. ಇಂದಿಗೂ ಕರಾವಳಿಯ ಕೊಂಕಣಿ ಮನೆಗಳಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಮನೆಯಲ್ಲಿಲ್ಲದವರಿಗಾಗಿ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ ಹೇಳಿ, ಕಿರಿಯರು ಹಿರಿಯರ ಆಶೀರ್ವಾದ ಬೇಡುತ್ತಾರೆ. ಈ ಪದ್ಧತಿಗೆ ಸೆರೆಯ ಕಾಲವೇ ಮೂಲವೆಂದು ನಾನು ಹೇಳುತ್ತಿಲ್ಲ. ಆದರೆ ಗುರುವಿಲ್ಲದ ಕಾಲದಲ್ಲಿ ಒಂದು ಸಮುದಾಯವನ್ನು ಹಿಡಿದಿಡಬಲ್ಲ ಪ್ರಾರ್ಥನೆ ಯಾವುದೆಂದರೆ ಇಂತಹದ್ದೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಚದುರಿದ ಕ್ರೈಸ್ತರನ್ನು ಕೂಡಿಸಲು ಕರ್ನಲ್ ವೆಲ್ಲೆಸ್ಲಿಯ ಕರೆಯ ಮೇಲೆ ಫ್ರೆಂಚ್ ಗುರು ಅಬ್ಬೆ ದುಬ್ವಾ ಬಂದರು. 1792ರಲ್ಲಿ ಭಾರತಕ್ಕೆ ಬಂದಿದ್ದ ಅವರು ನಮ್ಮವರಂತೆ ಉಡುಪು ತೊಟ್ಟು, ನಮ್ಮವರಂತೆ ಉಂಡು, ಜನರಿಂದ ದೊಡ್ಡಸ್ವಾಮಿಯವರು ಎನಿಸಿಕೊಂಡವರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಈ ಸಂಗತಿಯನ್ನು ದಾಖಲಿಸಿದ್ದಾರೆ. ಸೆರೆಯಾದವರ ಸಂಖ್ಯೆ ಅವರ ಪ್ರಕಾರ ಅರವತ್ತು ಸಾವಿರ. ಇತಿಹಾಸಕಾರರ ಲೆಕ್ಕಗಳು ಇದಕ್ಕಿಂತ ಹೆಚ್ಚೂ ಇವೆ, ಕಡಿಮೆಯೂ ಇವೆ. ಇಷ್ಟು ಜನರಲ್ಲಿ ಎದುರು ನಿಂತು ರಕ್ತಸಾಕ್ಷಿಯಾಗಲು ಒಬ್ಬರೂ ಮುಂದಾಗಲಿಲ್ಲವೆಂದು ಅವರು ಕಹಿಯಾಗಿಯೇ ಬರೆದರು. ಸುಲ್ತಾನನ ನಂತರ ಬಹುಪಾಲು ಜನ ಮರಳಿ ಬಂದು, ತಾವು ಬಿಟ್ಟದ್ದು ಹೊರಗಿನಿಂದ ಮಾತ್ರ, ಒಳಗೆ ಕ್ರಿಸ್ತನನ್ನೇ ನಂಬಿದ್ದೆವು ಎಂದರಂತೆ. ಸುಮಾರು ಎರಡು ಸಾವಿರ ಜನ ತಮ್ಮ ಬಳಿಗೇ ಬಂದರು, ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಸೀಮೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರು ಎಂದೂ ಅವರೇ ಹೇಳುತ್ತಾರೆ.

ಲೇಖನಿ ಹಿಡಿದಾಗ ದೊಡ್ಡಸ್ವಾಮಿಯವರು ಗದರಿಸಿದರು. ಜನ ಎದುರಿಗೆ ಬಂದು ನಿಂತಾಗ ಬಾಗಿಲು ತೆಗೆದರು. ಇದರಲ್ಲಿ ನಾನು ಮೆಚ್ಚುವುದು ಬಾಗಿಲು ತೆಗೆದ ದುಬ್ವಾ ಅವರನ್ನು. ಮಕ್ಕಳು ಮರಿ ಕಟ್ಟಿಕೊಂಡು ಘಟ್ಟ ಹತ್ತಿದವರನ್ನು ಯಾಕೆ ಸಾಯಲಿಲ್ಲವೆಂದು ಕೇಳುವುದು ಇಪ್ಪತ್ತು ವರ್ಷದ ನಂತರ ಮೇಜಿನ ಮುಂದೆ ಕುಳಿತವರಿಗೆ ಸುಲಭ.

ಅವರದೇ ಲೆಕ್ಕ ಹಿಡಿದರೆ ಅರವತ್ತು ಸಾವಿರದಲ್ಲಿ ಮರಳಿದವರು ಇಪ್ಪತ್ತೆರಡು ಸಾವಿರ. ಉಳಿದವರಲ್ಲಿ ಸತ್ತವರೆಷ್ಟು, ಬೇರೆ ಸೀಮೆಗೆ ಓಡಿದವರೆಷ್ಟು, ಹೊಸ ಧರ್ಮದಲ್ಲೇ ಸಂಸಾರ ಹೂಡಿ ನೆಮ್ಮದಿ ಕಂಡವರೆಷ್ಟು ಎಂಬುದಕ್ಕೆ ಪಟ್ಟಿಯಿಲ್ಲ. ಮೈಸೂರು ಸೀಮೆಯ ಯಾವುದೋ ಊರಲ್ಲಿ ಇಂದು ನಮಾಜು ಮಾಡುವ ಮುದುಕರೊಬ್ಬರು ಯಾವುದೋ ಕರಾವಳಿ ಕುಟುಂಬದ ರಕ್ತಸಂಬಂಧಿಯೇ ಇರಬಹುದು. ಅವರಿಗಾಗಿ ಮನೆಯವರು ಮಾಡಿದ ಪ್ರಾರ್ಥನೆ ವ್ಯರ್ಥವಾಯಿತೆ? ಆಗಿಲ್ಲವೆಂದೇ ನನ್ನ ನಂಬಿಕೆ. ಪ್ರಾರ್ಥನೆ ಮರಳಿಸುವ ಯಂತ್ರವಲ್ಲ. ನಮ್ಮ ಕೈಗೆ ಸಿಗದವರನ್ನು ದೇವರ ಕೈಗೆ ಒಪ್ಪಿಸುವುದು ಅದರ ಕೆಲಸ.

ಬಲವಂತದಿಂದ ಬಿಟ್ಟವರ ಮಾತಾಯಿತು. ಮನಸ್ಸಾರೆ ಬಿಟ್ಟವರ ಸಂಗತಿ ಬೇರೆ, ನಮ್ಮ ಭಾಗದಲ್ಲಿ ಇಂದು ಎದುರಾಗುವುದು ಹೆಚ್ಚಾಗಿ ಇದೇ. ಇಳಕಲ್ಲಿನಿಂದ ಪೂರ್ವಕ್ಕೆ ಹೊರಟರೆ ಸಿಗುವ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಿಂದ, ಆದಿಲ್‌ಶಾಹಿಗಳ ಕಾಲದಿಂದ ಕಥೋಲಿಕರಿದ್ದಾರೆ. ಪಶ್ಚಿಮಕ್ಕೆ ಹೋದರೆ ಖಣಕ್ಕೆ ಹೆಸರಾದ ಗುಳೇದಗುಡ್ಡದಲ್ಲಿ 1851ರಿಂದ ಬಾಸೆಲ್ ಮಿಷನ್ನಿನ ಸಭೆ ಬೆಳೆದು ಇಂದು ಸಿ.ಎಸ್.ಐ. ಸಭೆಯ ಭಾಗವಾಗಿದೆ. ಇಂತಹ ನೆರೆಹೊರೆಯಲ್ಲಿ ಕೊಟ್ಟು ತರುವ ಸಂಬಂಧ ಆಗದೆ ಇರುವುದಿಲ್ಲ. 1917ರ ಧರ್ಮಸಭಾ ಕಾನೂನಿನಲ್ಲಿ ಕಥೋಲಿಕರು ಪ್ರಾಟೆಸ್ಟೆಂಟರ ಆರಾಧನೆಯಲ್ಲಿ ಪಾಲುಗೊಳ್ಳುವಂತಿರಲಿಲ್ಲ. ಮದುವೆಗೋ ಮಣ್ಣಿಗೋ ತಕ್ಕ ಕಾರಣವಿದ್ದು ಹೋದರೂ ಸುಮ್ಮನೆ ಕುಳಿತು ಬರಬೇಕು, ಬಾಯಿ ತೆರೆಯುವಂತಿಲ್ಲ. ಮಗಳು ಗುಳೇದಗುಡ್ಡದಲ್ಲಿ, ತಾಯಿ ಅವಳಿಗಾಗಿ ಮನೆಯಲ್ಲಿ ಜಪಸರ ಮಾಡಬಹುದು, ಅವಳ ಸಭೆಯಲ್ಲಿ ಅವಳ ಪಕ್ಕ ನಿಂತು ಪ್ರಾರ್ಥಿಸುವಂತಿಲ್ಲ!

ಇದು ಬದಲಾಗುತ್ತ ಬಂತು. 1908ರಲ್ಲಿ ಅಮೆರಿಕದಲ್ಲಿ ಪಾಲ್ ವಾಟ್ಸನ್ ಅವರು ಜನವರಿ 18ರಿಂದ 25ರವರೆಗಿನ ಪ್ರಾರ್ಥನಾ ವಾರವನ್ನು ಆರಂಭಿಸಿದಾಗ ಅಗಲಿದವರೆಲ್ಲ ರೋಮಿಗೆ ಮರಳಲಿ ಎಂಬುದೇ ಅದರ ಕೋರಿಕೆ. 1930ರ ದಶಕದಲ್ಲಿ ಫ್ರಾನ್ಸಿನ ಗುರು ಪಾಲ್ ಕುತ್ಯುರಿಯೆ ಅದನ್ನು ತಿದ್ದಿ, ಕ್ರಿಸ್ತ ಬಯಸಿದ ಐಕ್ಯ ಕ್ರಿಸ್ತನಿಗೆ ಬೇಕಾದ ರೀತಿಯಲ್ಲಿ ಬರಲಿ ಎಂದು ಎಲ್ಲರೂ ಕೂಡಿ ಬೇಡುವಂತೆ ಮಾಡಿದರು. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಐಕ್ಯದ ಕೋರಿಕೆಗಾಗಿ ಅಗಲಿದ ಸಹೋದರರ ಜೊತೆಗೂಡಿ ಪ್ರಾರ್ಥಿಸುವುದಕ್ಕೆ ಒಪ್ಪಿಗೆ ಕೊಟ್ಟಿತು. 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸದ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದೆಂದು ಸಾರಿತು. ಶ್ರೀರಂಗಪಟ್ಟಣದ ಸೆರೆಯವರ ಮೊಮ್ಮಕ್ಕಳಿಗೆ ಈ ಮಾತಿನ ಬೆಲೆ ಉಳಿದವರಿಗಿಂತ ಹೆಚ್ಚು ತಿಳಿಯಬೇಕು. ಅಂದು ಸುಲ್ತಾನನ ಒತ್ತಾಯ ತಪ್ಪಾದರೆ ಇಂದು ಮಗನ ಮೇಲೆ ನಾವು ಹೇರುವ ಒತ್ತಾಯವೂ, ಆಸ್ತಿಯ ಬೆದರಿಕೆಯೂ ತಪ್ಪೇ.

ಕೆಲವು ಪ್ರಾರ್ಥನಾಕೂಟಗಳಲ್ಲಿ ಬಿಟ್ಟುಹೋದವರ ಹೆಸರನ್ನು ಮೈಕಿನಲ್ಲಿ ಓದಿ, ಅವರನ್ನು ಸೈತಾನನ ಬಲೆಯಿಂದ ಬಿಡಿಸೆಂದು ಕೂಗುವ ರೂಢಿ ಬಂದಿದೆ. ಓಣಿಯವರೆಲ್ಲ ಕೇಳುತ್ತಾರೆ, ಸಂಜೆಯೊಳಗೆ ಅವನಿಗೂ ತಲುಪುತ್ತದೆ. ಇದರಿಂದ ಅವನು ಇನ್ನಷ್ಟು ದೂರ ಹೋಗುತ್ತಾನಲ್ಲದೆ ಹತ್ತಿರ ಬರುವುದಿಲ್ಲ. ಹೆಸರು ದೇವರಿಗೆ ಗೊತ್ತು. ಪೂಜೆಯಲ್ಲಿ ಭಕ್ತವಿಶ್ವಾಸಿಗಳ ಪ್ರಾರ್ಥನೆಯ ವೇಳೆ ಕ್ಷಣಕಾಲ ಮೌನವಾಗಿದ್ದು, ಅವರವರ ಮನೆಯವರನ್ನು ಅವರವರೇ ನೆನೆದರೆ ಸಾಕು.

ಈ ಆಗಸ್ಟ್ 27ರಂದು ನಿಮ್ಮ ಮನೆಯಲ್ಲಿಯೂ ಜಪಸರಕ್ಕೆ ಎಲ್ಲರೂ ಕೂಡಿರಿ. ದೂರವಾದ ಮಗನಿಗಾಗಿ, ಸೊಸೆಗಾಗಿ, ತಮ್ಮನಿಗಾಗಿ ಒಂದು ದಶಕ ಅರ್ಪಿಸಿರಿ. ಅಂದಿನ ಊಟಕ್ಕೆ ಅವರನ್ನೂ ಕರೆಯಿರಿ, ಊಟದ ಹೊತ್ತಿನಲ್ಲಿ ಧರ್ಮದ ವಾದ ಎತ್ತಬೇಡಿರಿ. ಬರಲಾಗದಿದ್ದರೆ ಶೇಂಗಾ ಹೋಳಿಗೆ ಮಾಡಿ ಡಬ್ಬಿ ಕಟ್ಟಿ ಕಳಿಸಿರಿ.